ಶ್ರೀರಂಗಪಟ್ಟಣದ ಮರ, ಊಟಿಯ ಚರ್ಚು: ಹೋಗುವವರಿಗೆ ಒಂದಿಷ್ಟು ಮಾತು

ಊಟಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಶಾಲೆಯ ಟೂರು, ಕಾಲೇಜಿನ ಗೆಳೆಯರ ಜೊತೆ ಬೈಕು, ಮದುವೆಯಾದ ಹೊಸದರಲ್ಲಿ ಒಂದು ಸಲ. ಬೋಟಿಂಗು, ಬಟಾನಿಕಲ್ ಗಾರ್ಡನ್ನು, ದೊಡ್ಡಬೆಟ್ಟ, ಒಂದು ಡಬ್ಬಿ ಚಾಕೊಲೇಟು, ವಾಪಸ್ಸು. ಸೇಂಟ್ ಸ್ಟೀಫನ್ಸ್ ಚರ್ಚಿನ ಮುಂದೆ ಪ್ರತಿ ಸಲವೂ ಹಾದು ಹೋಗಿದ್ದೆ. ಒಳಗೆ ಮಾತ್ರ ಕಾಲಿಟ್ಟಿರಲಿಲ್ಲ.

ಈ ಸಲ ಹೋಗಿದ್ದು ನಮ್ಮ ಸೋದರಮಾವನ ದೆಸೆಯಿಂದ. ಮಾವ ಮಂಡ್ಯದವರು, ಮೂವತ್ತು ವರ್ಷ ಸಾಮಿಲ್ ನಡೆಸಿದವರು. ಊಟಿಯ ಹಳೇ ಚರ್ಚಿಗೆ ತೊಲೆ ಹೋಗಿದ್ದು ಶ್ರೀರಂಗಪಟ್ಟಣದ ಟಿಪ್ಪು ಅರಮನೆಯಿಂದ ಅಂತ ಒಂದು ದಿನ ಊಟ ಮಾಡುವಾಗ ಬಾಯಿ ಬಿಟ್ಟೆ. ತುತ್ತು ಕೈಯಲ್ಲೇ ನಿಂತಿತು. "ನಮ್ಮೂರ ಮರ ಅಲ್ಲೋಗಿ ಕೂತದಾ? ನಡಿ, ನೋಡ್ಕ ಬರನ" ಅಂದರು. ಹಾಗೆ ಫೆಬ್ರವರಿಯ ಒಂದು ಬುಧವಾರ ಹೊರಟೆವು.

ನೀವೂ ಈ ಚರ್ಚು ನೋಡಬೇಕು ಅಂತಿದ್ದರೆ ನನ್ನ ಮೊದಲ ಸಲಹೆ ಇಷ್ಟೇ: ಊಟಿಯಿಂದ ಶುರು ಮಾಡಬೇಡಿ, ಶ್ರೀರಂಗಪಟ್ಟಣದಿಂದ ಮಾಡಿ. ಇಲ್ಲಿ ಏನು ಇಲ್ಲವಾಯಿತು ಅಂತ ನೋಡದೆ ಅಲ್ಲಿಗೆ ಹೋದರೆ, ಅದು ಇನ್ನೊಂದು ಹಳೇ ಚರ್ಚು ಅಷ್ಟೆ. ಐದು ನಿಮಿಷದಲ್ಲಿ ಫೋಟೋ ತೆಗೆದು ಹೊರಗೆ ಬಂದುಬಿಡುತ್ತೀರಿ.

ಪಟ್ಟಣದ ಪೂರ್ವಕ್ಕೆ, ಗಂಜಾಂ ದಾಟಿ ಸಂಗಮಕ್ಕೆ ಹೋಗುವ ದಾರಿಯಲ್ಲಿ ಗುಂಬಜ್ ಇದೆ. ಹೈದರಾಲಿ, ಅವನ ಹೆಂಡತಿ, ಟಿಪ್ಪು ಮೂವರ ಗೋರಿಯೂ ಅಲ್ಲೇ. ಆ ತೋಟಕ್ಕೆ ಲಾಲ್‌ಬಾಗ್ ಅಂತ ಹೆಸರು. ಬೆಂಗಳೂರಿನದಲ್ಲ, ಇದು ಬೇರೆ. ಇಲ್ಲೊಂದು ಅರಮನೆ ಇತ್ತು. ಅದರ ತೊಲೆಗಳೇ ನೀಲಗಿರಿಗೆ ಹೋದದ್ದು. ಕೋಟೆಯ ಒಳಗೆ ರಂಗನಾಥಸ್ವಾಮಿ ದೇವಸ್ಥಾನದ ಹತ್ತಿರ ಇದ್ದ ಲಾಲ್ ಮಹಲ್ ಇನ್ನೊಂದು. ಹೆಸರು ಒಂದೇ ಥರ ಇರೋದರಿಂದ ಜನ ಎರಡನ್ನೂ ಕಲಸಿಬಿಡುತ್ತಾರೆ. ಯಾರಾದರೂ ಕೋಟೆಯೊಳಗೆ ಕೈ ತೋರಿಸಿದರೆ ಗಲಿಬಿಲಿ ಬೇಡ.

ಇಲ್ಲದ ಅರಮನೆಯನ್ನು ನೋಡೋದು ಹೇಗೆ? ಅದಕ್ಕೆ ದರಿಯಾ ದೌಲತ್‌ಗೆ ಹೋಗಿ. 1784ರಲ್ಲಿ ಕಟ್ಟಿದ್ದು, ಹೆಚ್ಚಿನದೆಲ್ಲ ತೇಗ. ಎಲ್ಲರೂ ಗೋಡೆಯ ಮೇಲಿನ ಯುದ್ಧದ ಚಿತ್ರ ನೋಡುತ್ತಾ ಮುಂದೆ ಹೋಗುತ್ತಾರೆ. ಮಾವ ಒಂದೇ ಒಂದು ಕಂಬದ ಹತ್ತಿರ ಹತ್ತು ನಿಮಿಷ ನಿಂತರು. ಕಂಬಕ್ಕೆ ಕೈ ಮುಟ್ಟಿಸಬಾರದು, ಅದಕ್ಕೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು. "ಒಂದು ಗಂಟಿಲ್ಲ ಕಣೋ" ಅಂದರು.

1799ರ ಮೇ 4ರಂದು ಟಿಪ್ಪು ಸತ್ತ. ಮೈಸೂರಿನಲ್ಲಿ ಒಡೆಯರ್ ಮನೆತನದ ಮಗು ಮುಮ್ಮಡಿ ಕೃಷ್ಣರಾಜರನ್ನು ಸಿಂಹಾಸನದ ಮೇಲೆ ಕೂರಿಸಿದರು. ಶ್ರೀರಂಗಪಟ್ಟಣದ ದ್ವೀಪವನ್ನು ಮಾತ್ರ ಈಸ್ಟ್ ಇಂಡಿಯಾ ಕಂಪನಿ ತನ್ನ ಕೈಯಲ್ಲೇ ಇಟ್ಟುಕೊಂಡಿತು. ಅಲ್ಲಿಯವರೆಗೆ ಮೈಸೂರಿಗೆ ಸೇರಿದ್ದ ನೀಲಗಿರಿಯೂ ಅದೇ ವರ್ಷ ಕಂಪನಿಗೆ ಹೋಯಿತು. ಅಂದರೆ ಮರ ಇದ್ದ ಜಾಗವೂ ಅವರದೇ, ಮರ ಬೇಕಾದ ಜಾಗವೂ ಅವರದೇ. ಯಾರನ್ನೂ ಕೇಳುವ ಹಂಗಿರಲಿಲ್ಲ.

ಇನ್ನು ದಾರಿ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ, ಕೆಕ್ಕನಹಳ್ಳ ಚೆಕ್‌ಪೋಸ್ಟ್. ಅಲ್ಲಿಂದ ತಮಿಳುನಾಡು. ಸ್ವಂತ ಗಾಡಿಯಲ್ಲಿ ಹೋಗುವವರು ಇ-ಪಾಸ್ ಮನೆಯಲ್ಲೇ ಮಾಡಿಕೊಳ್ಳಿ. 2024ರ ಮೇ ತಿಂಗಳಿಂದ ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ ಇದು ಬಂದಿದೆ. ದುಡ್ಡು ಕೊಡಬೇಕಿಲ್ಲ. ಫೋನ್ ನಂಬರು, ಗಾಡಿ ನಂಬರು, ಉಳಿಯುವ ದಿನ ಹಾಕಿದರೆ ಸಾಕು. ನಾನು "ಅಲ್ಲೇ ಮಾಡಿದ್ರಾಯ್ತು" ಅಂತ ಹೋಗಿ, ಕಾಡಿನ ಮಧ್ಯೆ ನೆಟ್‌ವರ್ಕ್ ಸಿಗದೆ ಮುಕ್ಕಾಲು ಗಂಟೆ ಫೋನನ್ನು ಆಕಾಶಕ್ಕೆ ಹಿಡಿದು ನಿಂತಿದ್ದೆ. ಬೇಸಿಗೆ ರಜೆಯಲ್ಲಿ ದಿನಕ್ಕೆ ಇಂತಿಷ್ಟೇ ಗಾಡಿ ಅಂತ ಮಿತಿಯೂ ಇರುತ್ತದೆ. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ವಾರದ ದಿನ 6,000, ಶನಿವಾರ ಭಾನುವಾರ 8,000 ಅಂತ ಇತ್ತು. ಬಸ್ಸಿನಲ್ಲಿ ಹೋದರೆ ಈ ತಲೆನೋವೇ ಇಲ್ಲ. ಇನ್ನೊಂದು, ಪ್ಲಾಸ್ಟಿಕ್ ನೀರಿನ ಬಾಟಲಿ ಒಯ್ಯಬೇಡಿ. ಚೆಕ್‌ಪೋಸ್ಟಲ್ಲಿ ಎತ್ತಿಟ್ಟುಕೊಳ್ಳುತ್ತಾರೆ. ಸ್ಟೀಲ್ ಬಾಟಲಿ ಇರಲಿ.

ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ನೇರ ಹೋದರೆ ಗೂಡಲೂರು, ಎಡಕ್ಕೆ ಮಸಿನಗುಡಿ. ಮಸಿನಗುಡಿ ಕಡೆ ಹತ್ತಿರ, ಆದರೆ ಕಲ್ಲಟ್ಟಿ ಘಾಟಿಯ 36 ತಿರುವು ಏರಬೇಕು. ಘಾಟಿ ಓಡಿಸಿ ರೂಢಿ ಇಲ್ಲದವರು ಗೂಡಲೂರು ಮೇಲೇ ಹೋಗಿ. ಸುತ್ತು, ಆದರೆ ನೆಮ್ಮದಿ. ಹೊರಗಿನ ಗಾಡಿಗಳಿಗೆ ಕಲ್ಲಟ್ಟಿಯಲ್ಲಿ ಇಳಿಯಲು ಬಿಡುವುದಿಲ್ಲ. ನಿಯಮ ಆಗಾಗ ಬದಲಾಗೋದರಿಂದ ಏರುವಾಗಲೂ ಒಂದು ಮಾತು ಕೇಳಿಕೊಳ್ಳಿ. ನಾವು ಕಲ್ಲಟ್ಟಿ ಹತ್ತಿದೆವು. ಹದಿನೈದನೇ ತಿರುವಿಗೆ ಮಾವ ಮಾತು ನಿಲ್ಲಿಸಿದರು. ಹೆದರಿಕೆ ಇರಬೇಕು ಅಂದುಕೊಂಡೆ. ಅಲ್ಲ. "ಇಂಥ ದಾರೀಲಿ ಲಾರಿ ತರಾಕೇ ಆಗಕ್ಕಿಲ್ಲ. ಆವಾಗ ಹೆಂಗ್ಲಾ ತಂದ್ರು?" ಅಂದರು.

ಆನೆಗಳಿಂದ ಎಳೆಸಿ ತಂದರು ಅನ್ನುತ್ತಾರೆ. ಆಗ ಈ ಡಾಂಬರು ಇರಲಿ, ಗಾಡಿ ಹೋಗುವ ಸೀಗೂರು ಘಾಟಿ ರಸ್ತೆ, ಅಂದರೆ ಇದೇ ಕಲ್ಲಟ್ಟಿ ದಾರಿ, ಕೂಡ ಇರಲಿಲ್ಲ. ಅದು ಆದದ್ದು ಚರ್ಚು ಎದ್ದ ಮೇಲೆ, 1830ರ ದಶಕದಲ್ಲಿ.

ಅಷ್ಟು ದೂರದಿಂದ ಯಾಕೆ? ಬೆಟ್ಟದ ಮೇಲೆ ಮರ ಇರಲಿಲ್ಲವಾ? ನನಗೂ ಇದೇ ಪ್ರಶ್ನೆ ಇತ್ತು. ಊಟಿ ಇರೋದು ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿ ಹುಲ್ಲುಗಾವಲು, ಮಧ್ಯೆ ಮಧ್ಯೆ ಶೋಲಾ ಕಾಡು. ಶೋಲಾ ಮರಗಳು ಗಿಡ್ಡ, ಕೊಂಬೆಯೆಲ್ಲ ಸೊಟ್ಟ. ಈಗ ಎಲ್ಲೆಲ್ಲೂ ಕಾಣುವ ನೀಲಗಿರಿ ಮರ ಆಗ ಬಂದೇ ಇರಲಿಲ್ಲ. ಆ ಚಳಿಯಲ್ಲಿ ತೇಗ ಬೆಳೆಯುವುದಿಲ್ಲ. ಇದರ ಮೇಲೆ ಮಾವನ ಲೆಕ್ಕ ಒಂದಿದೆ. ಹಸಿ ಮರ ಕುಯ್ದು ಸೂರಿಗೆ ಹಾಕಿದರೆ ಒಣಗುತ್ತಾ ಬಾಗುತ್ತದೆ, ಸೀಳು ಬಿಡುತ್ತದೆ. ಉದ್ದದ ತೊಲೆ ಚೆನ್ನಾಗಿ ಒಣಗಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಅರಮನೆಯ ತೊಲೆ ಆಗಲೇ ಹತ್ತಾರು ಮಳೆಗಾಲ ಕಂಡಿದ್ದು. ಬಾಗುವಷ್ಟು ಬಾಗಿ ಆಗಿದೆ. ತಂದು ಏರಿಸೋದೊಂದೇ ಕೆಲಸ. ಪುಸ್ತಕ ಓದಿ ನನಗೆ ಹೊಳೆಯದ ಮಾತು ಇದು.

ಊಟಿ ಮುಟ್ಟಿದಾಗ ಎರಡೂವರೆ. ರೂಮಿಗೂ ಹೋಗದೆ ನೇರ ಚರ್ಚಿಗೆ ಹೋದೆವು. ಬಾಗಿಲು ಹಾಕಿತ್ತು. ಇದು ನಮ್ಮದೇ ತಪ್ಪು. ಅದು ಮ್ಯೂಸಿಯಂ ಅಲ್ಲ, ಇವತ್ತಿಗೂ ಪ್ರಾರ್ಥನೆ ನಡೆಯುವ ಜಾಗ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಸೇರಿದ್ದು. ಬೆಳಗಿನ ಹೊತ್ತು ಹೋಗಿ. ಭಾನುವಾರ ಆರಾಧನೆ ಇರುತ್ತದೆ, ಸುಮ್ನೆ ನೋಡೋಕೆ ಹೋಗುವವರಿಗೆ ಆ ದಿನ ಬೇಡ. ಒಳಗೆ ಫೋಟೋ ತೆಗೆಯಬಹುದಾ ಅಂತ ಕೇಳಿಯೇ ತೆಗೆಯಿರಿ. ಬಸ್ ಸ್ಟ್ಯಾಂಡಿನಿಂದ ದೂರ ಅಲ್ಲ, ಆದರೆ ಪೂರ್ತಿ ಏರು. ವಯಸ್ಸಾದವರಿದ್ದರೆ ಆಟೋ ಮಾಡಿಕೊಳ್ಳಿ, ದರ ಮೊದಲೇ ಮಾತಾಡಿ.

ಬಾಗಿಲು ಹಾಕಿದ್ದೇ ಒಳ್ಳೇದಾಯಿತು ಅಂತ ಆಮೇಲೆ ಅನ್ನಿಸಿತು. ಯಾಕೆಂದರೆ ಹಿಂದಿನ ಸ್ಮಶಾನಕ್ಕೆ ಹೊತ್ತು ಸಿಕ್ಕಿತು. ಅದು ಗುಡ್ಡದ ಇಳಿಜಾರಿನಲ್ಲಿದೆ. ಮೆಟ್ಟಿಲ ಮೇಲೆ ಪಾಚಿ, ಗೋರಿಗಳ ಸುತ್ತ ಜರೀಗಿಡ. ನನ್ನ ಚಪ್ಪಲಿ ಎರಡು ಸಲ ಜಾರಿತು. ಹಿಡಿತ ಇರುವ ಶೂ ಹಾಕಿಕೊಂಡು ಹೋಗಿ, ಮಳೆ ಬಂದಿದ್ದರೆ ಇಳಿಯಲೇಬೇಡಿ. ಕಲ್ಲಿನ ಮೇಲಿನ ಅಕ್ಷರ ಅರ್ಧ ಅಳಿಸಿವೆ. ಬಗ್ಗಿ, ಬೆರಳಲ್ಲಿ ಹುಡುಕಿ ಓದಬೇಕು. ಓದಿದಷ್ಟೂ ಚಿಕ್ಕ ವಯಸ್ಸಿನವರೇ. ಬಯಲಿನ ಜ್ವರದಿಂದ ಸುಧಾರಿಸಿಕೊಳ್ಳಲು ಬೆಟ್ಟ ಹತ್ತಿ ಬಂದ ಜನ ಇವರು.

ಜಾನ್ ಸಲಿವನ್‌ನ ಹೆಂಡತಿ ಹೆನ್ರಿಯೆಟಾ, ಮಗಳು ಹ್ಯಾರಿಯೆಟ್ ಗೋರಿಗಳೂ ಇಲ್ಲಿವೆ. ಸಲಿವನ್ ಕೊಯಮತ್ತೂರಿನ ಕಲೆಕ್ಟರ್. 1819ರಲ್ಲಿ ಈ ಬೆಟ್ಟ ಹತ್ತಿದ. ನಾಲ್ಕು ವರ್ಷದೊಳಗೆ ಸ್ಟೋನ್ ಹೌಸ್ ಕಟ್ಟಿದ. ಕಲ್ ಬಂಗಲೆ ಅಂತ ಕರೆದದ್ದು ಅದನ್ನೇ, ಈಗ ಸರ್ಕಾರಿ ಆರ್ಟ್ಸ್ ಕಾಲೇಜಿನ ಆವರಣದಲ್ಲಿದೆ. ನಾವು ಬೋಟಿಂಗ್ ಮಾಡುವ ಕೆರೆ ಮಾಡಿಸಿದವನೂ ಅವನೇ. ಅದಕ್ಕೂ ಮೊದಲು ಇಲ್ಲಿ ಬೆಟ್ಟದ ಜನರಾದ ತೊದವರ ಮಂದುಗಳು (ಅವರ ಪುಟ್ಟ ಊರುಗಳು), ಸುತ್ತ ಬಡಗರ ಹಟ್ಟಿಗಳು ಇದ್ದವು. ಬರಿದಾದ ಬೆಟ್ಟಕ್ಕೇನೂ ಅವನು ಬರಲಿಲ್ಲ. ಊರು ಕಟ್ಟಿಸಿದವನು ಕೊನೆಗೆ ಇಂಗ್ಲೆಂಡಿಗೆ ಹೊರಟು ಹೋದ, ಹೆಂಡತಿ ಮಗಳು ಇಲ್ಲೇ ಉಳಿದರು.

ಮಾರನೇ ದಿನ ಬೆಳಗ್ಗೆ ಬಾಗಿಲು ತೆರೆದಿತ್ತು. ಹೊರಗಿನಿಂದ ಚರ್ಚು ತಿಳಿ ಹಳದಿ, ಮುಂದೆ ಚೌಕದ ಗೋಪುರ. ಒಳಗೆ ಕಾಲಿಟ್ಟರೆ ಮೊದಲು ತಿಳಿಯೋದು ಚಳಿ, ಆಮೇಲೆ ಮೌನ. ಕಿಟಕಿಯ ಬಣ್ಣದ ಗಾಜಿನಲ್ಲಿ ಶಿಶು ಯೇಸುವನ್ನು ಎತ್ತಿಕೊಂಡ ಮರಿಯಳು, ಇನ್ನೊಂದು ಕಡೆ ಶಿಲುಬೆಯ ದೃಶ್ಯ. ಗೋಡೆಯ ಮೇಲೆ ಕೊನೆಯ ಭೋಜನದ ಚಿತ್ರ. ಚೆನ್ನಾಗಿವೆ, ಆದರೆ ಇಂಥವು ಬೇರೆ ಕಡೆಯೂ ಸಿಗುತ್ತವೆ. ಇಲ್ಲಿ ನೋಡಬೇಕಾದ್ದು ತಲೆಯ ಮೇಲೆ.

ಮಾವ ಹಿಂದಿನ ಬೆಂಚಿನಲ್ಲಿ ಕೂತು ಕತ್ತೆತ್ತಿದವರು ಇಳಿಸಲೇ ಇಲ್ಲ. ಹಳೇ ಗೂಟದ ತೂತು, ಉಳಿ ಗುರುತು ಏನಾದರೂ ಕಾಣುತ್ತದಾ ಅಂತ ಒಂದೊಂದೇ ತೊಲೆಯ ಮೇಲೆ ಕಣ್ಣಾಡಿಸಿದರು. ಕಾಣಲಿಲ್ಲ, ಎತ್ತರ ಜಾಸ್ತಿ. ನಾನು ತಂದಿದ್ದ ಪುಟ್ಟ ದುರ್ಬೀನು ರೂಮಿನಲ್ಲಿತ್ತು. ನೀವು ಮರೆಯಬೇಡಿ.

ಚರ್ಚಿನ ಲೆಕ್ಕಾಚಾರ ಹೀಗೆ. ಶಂಕುಸ್ಥಾಪನೆ 1829ರ ಏಪ್ರಿಲ್ 23, ದೊರೆ ನಾಲ್ಕನೇ ಜಾರ್ಜ್ ಹುಟ್ಟುಹಬ್ಬ ಆಚರಿಸುತ್ತಿದ್ದ ದಿನ. ಕಟ್ಟಿಸಿದ್ದು ಮದ್ರಾಸಿನ ಗವರ್ನರ್ ಸ್ಟೀಫನ್ ರಂಬೋಲ್ಡ್ ಲಷಿಂಗ್ಟನ್. ಸಂತನ ಹೆಸರೂ ಸ್ಟೀಫನ್, ಗವರ್ನರ್ ಹೆಸರೂ ಸ್ಟೀಫನ್. ಕಾಕತಾಳೀಯ ಅಂತ ನೀವು ನಂಬಿ, ನಾನು ನಂಬೋದಿಲ್ಲ. ನಕ್ಷೆ ಸೈನ್ಯದ ಎಂಜಿನಿಯರ್ ಕ್ಯಾಪ್ಟನ್ ಅಂಡರ್‌ವುಡ್‌ನದು. ಖರ್ಚು ಸುಮಾರು 24,000 ರೂಪಾಯಿ. 1830ರ ನವೆಂಬರ್ 5ರಂದು ಕಲ್ಕತ್ತದ ಬಿಷಪ್ ಜಾನ್ ಮಥಾಯಸ್ ಟರ್ನರ್ ಪ್ರತಿಷ್ಠೆ ಮಾಡಿದ. 1831ರ ಏಪ್ರಿಲ್ 3, ಈಸ್ಟರ್ ಭಾನುವಾರ ಜನರಿಗೆ ಬಾಗಿಲು ತೆರೆಯಿತು. ಅದೇ 1831ರ ಅಕ್ಟೋಬರಿನಲ್ಲಿ ಕಂಪನಿ ಮುಮ್ಮಡಿಯವರ ಕೈಯಿಂದ ಮೈಸೂರಿನ ಆಡಳಿತವನ್ನೂ ಕಿತ್ತುಕೊಂಡಿತು. ಅರಮನೆಯ ಸೂರು ಮೊದಲು ಹೋಗಿತ್ತು, ಅಧಿಕಾರ ಆಮೇಲೆ.

ಹೊರಗೆ ಬಿಸಿಲು ಕಾಯುತ್ತಾ ಕೂತಿದ್ದ ಅಜ್ಜರೊಬ್ಬರು ಕನ್ನಡಕ್ಕೆ ಹತ್ತಿರದ ಬಡಗ ಭಾಷೆ ಮಾತಾಡುತ್ತಿದ್ದರು. ಮಾವ ಮಂಡ್ಯದ ಕನ್ನಡದಲ್ಲೇ ಉತ್ತರ ಕೊಟ್ಟರು. ಅರ್ಧ ಗಂಟೆ ಹರಟೆ ನಡೆಯಿತು. ಬೆಳ್ಳುಳ್ಳಿ ರೇಟು, ಕಾಡುಕೋಣದ ಕಾಟ, ಅಜ್ಜರ ಹಟ್ಟಿಯ ಹಬ್ಬ. ಹತ್ತರಲ್ಲಿ ಆರು ಮಾತು ನನಗೂ ತಿಳಿಯಿತು. ಊಟಿಯಲ್ಲಿ ತಮಿಳು ಬರದೆ ಒದ್ದಾಡುವವರು ಒಮ್ಮೆ ನಿಧಾನವಾಗಿ ಕನ್ನಡ ಆಡಿ ನೋಡಿ.

ಹೊತ್ತಿದ್ದರೆ ಕೆರೆಯ ಹತ್ತಿರದ ಸೇಂಟ್ ಥಾಮಸ್ ಚರ್ಚನ್ನೂ ನೋಡಬಹುದು. ಸ್ಟೀಫನ್ಸ್‌ನಲ್ಲಿ ಜನಕ್ಕೆ ಜಾಗ ಸಾಲದೆ ಕಟ್ಟಿದ್ದು, 1870ರ ಸುಮಾರಿನದು. ಊಟಿಯಲ್ಲೇ 1881ರಲ್ಲಿ ತೀರಿಕೊಂಡ ಗವರ್ನರ್ ವಿಲಿಯಂ ಆಡಂನ ಗೋರಿ ಅಲ್ಲಿದೆ. ಚೇರಿಂಗ್ ಕ್ರಾಸ್‌ನ ಕಾರಂಜಿ ಇವನ ನೆನಪಿನದೇ. ಒಂದೇ ದಿನಕ್ಕೆ ಎರಡೂ ಚರ್ಚು ಬೇಕೇ ಬೇಕು ಅಂತೇನಿಲ್ಲ.

ಯಾವಾಗ ಹೋಗಬೇಕು? ಏಪ್ರಿಲ್, ಮೇ ಬೇಡವೇ ಬೇಡ. ಜೂನ್‌ನಿಂದ ಮಳೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ, ಆದರೆ ಹಗಲು ತಿಳಿ. ಫೆಬ್ರವರಿಯ ವಾರದ ದಿನ ನಮಗೆ ಸರಿ ಹೋಯಿತು. ಸ್ವೆಟರ್ ಜೊತೆಗೆ ಕಿವಿ ಮುಚ್ಚುವ ಟೋಪಿ ಇರಲಿ.

ಬರುವಾಗ ಗೂಡಲೂರು ದಾರಿ ಹಿಡಿಯಿರಿ. ಬಂಡೀಪುರದ ಗೇಟು ರಾತ್ರಿ 9ಕ್ಕೆ ಹಾಕುತ್ತಾರೆ, ತೆಗೆಯೋದು ಬೆಳಗ್ಗೆ 6ಕ್ಕೆ. ನಾವು ನಾಲ್ಕಕ್ಕೆ ಊಟಿ ಬಿಟ್ಟು ಏಳೂವರೆಗೆ ಗೇಟು ದಾಟಿದೆವು. ಹೊರಡುವ ಮುಂಚೆ ಬೇಕರಿಯಲ್ಲಿ ವರ್ಕಿ, ಅಂದರೆ ಊಟಿಯ ಗರಿಗರಿ ಪದರದ ಬಿಸ್ಕತ್ತು, ಕಟ್ಟಿಸಿಕೊಳ್ಳಿ, ಚಹಾಕ್ಕೆ ಅದಕ್ಕಿಂತ ಬೇರೆ ಬೇಡ. ಪೊಟ್ಟಣವನ್ನು ಮಾತ್ರ ಮಡಿಲಲ್ಲಿ ಇಟ್ಟುಕೊಳ್ಳಿ. ನಮ್ಮದು ಡಿಕ್ಕಿಯಲ್ಲಿತ್ತು. ಮಂಡ್ಯ ಮುಟ್ಟಿ ಬಿಚ್ಚಿದಾಗ ಅತ್ತೆ ಇಣುಕಿ ನೋಡಿ, "ಮರ ನೋಡಕ್ಕೋಗಿ ಮರದ ಹೊಟ್ಟು ತಂದ್ರಾ?" ಅಂದರು.