ಯಾವ ಬಣ್ಣದ ಬಟ್ಟೆ ತೊಡುತ್ತೀರಿ?

ಮನೆಯ ಕಿಟಕಿಯಿಂದ ತೆಗೆದ ಗುಬ್ಬಚ್ಚಿಗಳ ಫೋಟೊ ನೋಡಿದವರೆಲ್ಲ ಕೇಳುವುದು ಒಂದೇ: "ಹಕ್ಕಿಗೆ ಕಾಣದ ಹಾಗೆ ಹೇಗೆ ಅಡಗುತ್ತೀರಿ? ಯಾವ ಬಣ್ಣದ ಬಟ್ಟೆ ತೊಡುತ್ತೀರಿ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬಟ್ಟೆಯ ಮಾತು ಬಿಡಿ. ಕಾಡಿನ ಬಣ್ಣದ ಅಂಗಿ ಕಾಡಿನಲ್ಲಿ ಕೆಲಸ ಮಾಡಬಹುದು. ಮನೆಯೊಳಗೆ ನಿಮ್ಮ ಬೆನ್ನಿಗಿರುವುದು ಗೋಡೆ, ಪೊದೆಯಲ್ಲ.

ಕೋಣೆಯ ದೀಪ ಆರಿಸಿ. ಕಿಟಕಿಗೆ ಅಂಟಿ ನಿಲ್ಲದೆ ಎರಡು ಹೆಜ್ಜೆ ಹಿಂದೆ ಸರಿಯಿರಿ. ಬೆಳಕಿನಲ್ಲಿರುವ ಹಕ್ಕಿಗೆ ಒಳಗಿನದೆಲ್ಲ ಕಪ್ಪಾಗಿ ಕಾಣುತ್ತದೆ. ನಿಮ್ಮ ಬೆನ್ನ ಹಿಂದಿನ ಗೋಡೆಯಲ್ಲಿ ಇನ್ನೊಂದು ಕಿಟಕಿಯಿದ್ದರೆ ಮುಚ್ಚಿ, ಇಲ್ಲವಾದರೆ ನಿಮ್ಮ ಆಕೃತಿ ಎದ್ದು ಕಾಣುತ್ತದೆ. ದಪ್ಪ ಪರದೆಯಲ್ಲಿ ಲೆನ್ಸ್ ತೂರುವಷ್ಟು ಸೀಳು ಸಾಕು. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಶಟರ್ ಸದ್ದಿಲ್ಲದಿರಲಿ. ಇನ್ನುಳಿದದ್ದು ನಿಮ್ಮ ಕೈ. ಗುಬ್ಬಚ್ಚಿಯ ಕಣ್ಣುಗಳು ತಲೆಯ ಎರಡು ಬದಿಗಿವೆ. ಕಾಳು ಕುಕ್ಕುತ್ತಿರುವಾಗಲೂ ಪಕ್ಕದಲ್ಲಿ ಏನು ಅಲುಗಿತೆಂದು ಅದಕ್ಕೆ ತಿಳಿಯುತ್ತದೆ. ಬೆವರು ಒರೆಸಲು ಎತ್ತಿದ ಒಂದು ಕೈ ಅರ್ಧ ಗಂಟೆ ಕಾದದ್ದನ್ನೆಲ್ಲ ಹಾಳುಮಾಡುತ್ತದೆ.

ಸುಮಾರು 1900ರ ಹೊತ್ತಿಗೆ ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಎಂಬ ಅಣ್ಣತಮ್ಮಂದಿರು ಟೊಳ್ಳು ಎತ್ತಿನ ಬೊಂಬೆಯೊಳಗೆ ಅವಿತು ಹಕ್ಕಿಗಳ ಫೋಟೊ ತೆಗೆದರು. ನಿಜವಾದ ಎತ್ತಿನ ಚರ್ಮ ಹೊದಿಸಿದ ಬೊಂಬೆ ಅದು. ಎತ್ತು ಕಣ್ಣಿಗೆ ಬೀಳದ ಪ್ರಾಣಿಯೇ? ಆದರೆ ಹುಲ್ಲುಗಾವಲಿನ ಹಕ್ಕಿ ದಿನವೂ ಎತ್ತನ್ನು ನೋಡಿರುತ್ತದೆ. ನನ್ನ ಪರದೆಯೂ ಅಂಥ ಎತ್ತು. ಕ್ಯಾಮೆರಾ ಇಡುವ ಎರಡು ವಾರ ಮೊದಲೇ ಅದನ್ನು ಕಟ್ಟಿ, ಸೀಳಿನಲ್ಲಿ ಲೆನ್ಸಿನ ಬದಲು ಒಂದು ಕಪ್ಪು ಡಬ್ಬಿ ಇಟ್ಟಿದ್ದೆ.

"ಹಕ್ಕಿಯನ್ನು ಹೇಗೆ ಏಮಾರಿಸುತ್ತೀರಿ?" ಎಂದು ಕೇಳುವವರೂ ಇದ್ದಾರೆ. ಈ ಮಾತು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. 2006ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್‌ಲಫ್ ಮತ್ತು ಸಂಗಡಿಗರು ಮುಖವಾಡ ತೊಟ್ಟು ಕೆಲವು ಕಾಗೆಗಳನ್ನು ಹಿಡಿದು, ಬಿಟ್ಟರು. ಆಮೇಲೆ ಆ ಮುಖವಾಡವನ್ನು ಯಾರೇ ತೊಟ್ಟು ಬಂದರೂ ಕಾಗೆಗಳು ಬೆನ್ನಟ್ಟಿ ಕೂಗಿದವು, ಅದೂ ವರ್ಷಗಟ್ಟಲೆ. ಇಷ್ಟು ನೆನಪಿಡುವ ಜೀವಿಗಳ ಮುಂದೆ ಏಮಾರಿಸುವ ಮಾತೇಕೆ? ನನ್ನ ಎಷ್ಟೋ ಫೋಟೊಗಳಲ್ಲಿ ಗುಬ್ಬಚ್ಚಿ ತಲೆ ವಾಲಿಸಿ, ಒಂದು ಕಣ್ಣಿನಿಂದ ನೇರ ಲೆನ್ಸನ್ನೇ ನೋಡುತ್ತಿದೆ. ಅಲ್ಲಿ ಏನೋ ಇದೆಯೆಂದು ಅದಕ್ಕೆ ಗೊತ್ತು. ಅದರಿಂದ ಕೇಡಿಲ್ಲವೆಂದು ಅದೇ ತೀರ್ಮಾನಿಸಿಕೊಂಡಿದೆ.

"ಯಾವಾಗ ಅಲ್ಲಿಂದ ಎದ್ದು ಹೋಗುತ್ತೀರಿ?" ಎಂದು ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು.

ಒಂದು ಬೆಳಿಗ್ಗೆ ಸೂರಿನ ಸಂದಿಯಲ್ಲಿದ್ದ ಗೂಡಿನತ್ತ ಲೆನ್ಸ್ ತಿರುಗಿಸಿದೆ. ಹೆಣ್ಣು ಗುಬ್ಬಚ್ಚಿ ಬಂದು ಎದುರಿನ ತಂತಿಯ ಮೇಲೆ ಕೂತಿತು. ಕೊಕ್ಕಿನಲ್ಲಿ ಹಸಿರು ಹುಳು, ಅದರ ಒಂದು ತುದಿ ಇನ್ನೂ ಮಿಸುಕುತ್ತಿತ್ತು. ಗೂಡಿನಲ್ಲಿ ಮರಿಗಳು ಕಿರುಚುತ್ತಿದ್ದವು. ತಾಯಿ ಮಾತ್ರ ಒಳಗೆ ಹೋಗಲಿಲ್ಲ. ತಂತಿಯಿಂದ ಕೊಂಬೆಗೆ, ಕೊಂಬೆಯಿಂದ ಮತ್ತೆ ತಂತಿಗೆ ಹಾರಿತು, ಬಾಲ ಝಾಡಿಸಿತು. ಹುಳುವಿನ ಮಿಸುಕಾಟ ನಿಂತಿತು. ನಾನು ಇಷ್ಟೂ ಹೊತ್ತು ಫೋಟೊ ತೆಗೆಯುತ್ತಲೇ ಇದ್ದೆ, ಎಂಥ ಒಳ್ಳೆಯ ಭಂಗಿ ಎಂದುಕೊಂಡು. ನನ್ನ ದೆಸೆಯಿಂದಲೇ ಮರಿಗಳು ಹಸಿದಿವೆ ಎಂದು ತಲೆಗೆ ಹೊಳೆಯಲು ಹತ್ತು ನಿಮಿಷ ಬೇಕಾಯಿತು.

ಲೆನ್ಸನ್ನು ಮೆಲ್ಲಗೆ ಹಿಂದಕ್ಕೆಳೆದು ಕೋಣೆಯಿಂದ ಹೊರಬಂದೆ. ಬಾಗಿಲು ಮುಚ್ಚುತ್ತಿದ್ದಂತೆ ಕಿರುಚಾಟ ಒಮ್ಮೆಲೇ ಜೋರಾಗಿ, ತಟ್ಟನೆ ನಿಂತಿತು. ಆಮೇಲೆ, ತಾಯಿ ಮೇವಿಗೆ ಹೋದ ಹೊತ್ತು ನೋಡಿ ಒಳಗೆ ಹೋಗಿ ಸೀಳಿಗೆ ಮೂರು ಪಿನ್ ಹಾಕಿದೆ. ಮರಿಗಳು ಹಾರಿಹೋಗುವವರೆಗೂ ಅವನ್ನು ತೆಗೆಯಲಿಲ್ಲ.