ಬಿಟ್ಟ ದ್ವೀಪ, ಹಿಡಿದ ದ್ವೀಪ

ನನ್ನ ತಮ್ಮ ಟೋಕಿಯೊದಲ್ಲಿ ಕೆಲಸದಲ್ಲಿದ್ದಾನೆ. ಮನೆ ಸುಮಿದಾ ನದಿಯ ಹತ್ತಿರ. ಅಲ್ಲೇ ಯೊಕೊಅಮಿಚೊ ಅನ್ನೋ ಪಾರ್ಕ್ ಇದೆ. 1923ರ ಭೂಕಂಪದಲ್ಲಿ ಸತ್ತವರ ಅಸ್ಥಿಯ ಜೊತೆಗೆ 1945ರ ಬಾಂಬ್ ದಾಳಿಯಲ್ಲಿ ಸತ್ತವರ ಅಸ್ಥಿಯನ್ನೂ ಅಲ್ಲಿ ಇಟ್ಟಿದ್ದಾರೆ. ಎರಡನೇ ಮಹಾಯುದ್ಧದ ಆ ವರ್ಷ ಮಾರ್ಚ್ 9ರ ರಾತ್ರಿ ಅಮೆರಿಕದ ಮುನ್ನೂರಕ್ಕೂ ಜಾಸ್ತಿ ಬಿ-29 ಬಾಂಬರ್ ವಿಮಾನಗಳು ಟೋಕಿಯೊದತ್ತ ಹೊರಟಿದ್ದವು. ಬೆಳಗಾಗುವಷ್ಟರಲ್ಲಿ ಸುಮಾರು ಒಂದು ಲಕ್ಷ ಜನ ಸತ್ತಿದ್ದರು.

"ಅಷ್ಟೊಂದು ವಿಮಾನ ಎಲ್ಲಿಂದ ಬಂದವು ಅಣ್ಣ?" ಅಂತ ತಮ್ಮ ಕೇಳಿದ. ಸೈಪಾನ್, ಟಿನಿಯನ್, ಗುವಾಮ್ ಅಂದೆ. ಪೆಸಿಫಿಕ್ ಸಮುದ್ರದ ನಡುವೆ ಮೂರು ಚುಕ್ಕೆಗಳು. ಹೇಳಿದ ಮೇಲೆ ನನಗೇ ಸುಮ್ನೆ ಕೂರಲಾಗಲಿಲ್ಲ. ಈ ಮೂರೂ ಸೇರಿದ ಮರಿಯಾನಾ ದ್ವೀಪಗಳು ಅಮೆರಿಕದ ಆಡಳಿತಕ್ಕೆ ಸೇರಿದ್ದರಿಂದ ಅಮೆರಿಕದ ವೀಸಾ ಬೇಕು. ಇಬ್ಬರ ಹತ್ತಿರವೂ ಇತ್ತು. ಹೊರಟೇಬಿಟ್ಟೆವು.

ನರಿಟಾದಿಂದ ಸೈಪಾನ್‌ಗೆ ಮೂರೂವರೆ ಗಂಟೆಯ ಹಾದಿ. ದೂರ ಹೆಚ್ಚೂಕಡಿಮೆ 2,400 ಕಿಲೋಮೀಟರ್. ಬಿ-29 ವಿಮಾನ ಬಾಂಬ್ ಹೊತ್ತುಕೊಂಡು ಹೋಗಿ, ಹಾಕಿ, ವಾಪಸ್ ಬರಲು ಸಾಧ್ಯವಾಗುವಷ್ಟು ದೂರ. ಈ ಲೆಕ್ಕ ಸರಿಹೊಂದಿತು ಅನ್ನೋದೇ ಇಲ್ಲಿ ಸಾವಿರಾರು ಜನ ಸಾಯಲು ದೊಡ್ಡ ಕಾರಣ.

ಜೂನ್ ತಿಂಗಳು. ಸೈಪಾನ್‌ನ ಬೀಚ್ ರೋಡ್ ಉದ್ದಕ್ಕೂ ಗುಲ್‌ಮೊಹರ್ ಹೂವು. ಬೆಂಗಳೂರಿನ ಮೇ ತಿಂಗಳೇ ಇಲ್ಲಿಗೆ ತಡವಾಗಿ ಬಂದ ಹಾಗಿತ್ತು. ರಸ್ತೆಯಿಂದಲೇ ಸಮುದ್ರದಲ್ಲಿ ಕಪ್ಪಗೆ ಏನೋ ಕಾಣುತ್ತಿತ್ತು. ಬಂಡೆ ಅಂದುಕೊಂಡೆ. ಅದು ಷರ್ಮನ್ ಟ್ಯಾಂಕ್. ಕಯಾಕ್ ಬಾಡಿಗೆಗೆ ತೆಗೆದುಕೊಂಡು ಹತ್ತಿರ ಹೋದೆವು. ತಿರುಗುಗೋಪುರ ನೀರಿನ ಮೇಲಿದೆ, ಕೊಳವೆ ದಡದ ಕಡೆ ನೋಡುತ್ತಿದೆ. ತುಕ್ಕು ಪದರಪದರವಾಗಿ ಎದ್ದು ಕೈಯಿಟ್ಟರೆ ಪುಡಿಯಾಗುತ್ತದೆ. ಸೈನಿಕರು ಇಳಿಯುತ್ತಿದ್ದ ಬಾಯಿಯೊಳಗೆ ಬೆರಳುದ್ದದ ನೀಲಿ ಮೀನುಗಳು ಓಡಾಡುತ್ತಿದ್ದವು. 1944ರ ಜೂನ್ 15ರ ಬೆಳಿಗ್ಗೆ ಅಮೆರಿಕದ ಸೈನ್ಯ ಇದೇ ಪಶ್ಚಿಮ ದಡದಲ್ಲಿ ಇಳಿಯಿತು.

ಸೈಪಾನ್ ತಲುಪುವ ಮೊದಲು ಅವರು ಬಹಳ ದೊಡ್ಡ ಪೆಟ್ಟು ತಿಂದಿದ್ದರು. 1943ರ ನವೆಂಬರ್‌ನಲ್ಲಿ ತಾರಾವಾ ಹವಳದ್ವೀಪದಲ್ಲಿ ಉಬ್ಬರದ ಲೆಕ್ಕ ತಪ್ಪಿತು. ಹವಳದ ದಿಬ್ಬದ ಮೇಲೆ ದೋಣಿ ದಾಟುವಷ್ಟು ನೀರೇ ಇರಲಿಲ್ಲ. ಹುಡುಗರು ಬಂದೂಕು ತಲೆಯ ಮೇಲೆ ಹಿಡಿದು, ಎದೆಮಟ್ಟದ ನೀರಿನಲ್ಲಿ ಗುಂಡುಗಳ ನಡುವೆ ನಡೆದರು. ನಾಲ್ಕು ದಿನದೊಳಗೆ ಅಮೆರಿಕದ ಕಡೆಯೇ ಸುಮಾರು ಸಾವಿರ ಜನ ಸತ್ತರು. ಹೀಗೆ ಒಂದೊಂದೇ ದ್ವೀಪ ಹಿಡಿಯುತ್ತಾ ಹೋದರೆ ಟೋಕಿಯೊ ತಲುಪುವಷ್ಟರಲ್ಲಿ ಎಷ್ಟು ಹೆಣ ಬೀಳಬೇಕು?

ನಾವು ಚಿಕ್ಕಂದಿನಲ್ಲಿ ಅಂಗಳದಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ಬಿಲ್ಲೆ ಬಿದ್ದ ಮನೆಗೆ ಕಾಲಿಡಬಾರದು, ಹಾರಿ ಮುಂದಿನ ಮನೆಗೆ ಹೋಗಬೇಕು. ಅಮೆರಿಕದವರು ಮಾಡಿದ್ದೂ ಇದೇ. ದಕ್ಷಿಣದಿಂದ ಜನರಲ್ ಮ್ಯಾಕ್‌ಆರ್ಥರ್, ಪೆಸಿಫಿಕ್ ನಡುವಿನಿಂದ ಅಡ್ಮಿರಲ್ ನಿಮಿಟ್ಜ್, ಎರಡು ದಾರಿಯಲ್ಲಿ ಮುಂದುವರಿದರು. ಜಪಾನಿನ ಬಲ ಎಲ್ಲಿ ಜಾಸ್ತಿಯೋ ಅಲ್ಲಿಗೆ ಹೋಗಲಿಲ್ಲ. ನ್ಯೂಗಿನಿ ಹತ್ತಿರದ ರಬೌಲ್‌ನಲ್ಲಿ ಸುಮಾರು ಒಂದು ಲಕ್ಷ ಜಪಾನಿ ಸೈನಿಕರಿದ್ದರು. ಸುತ್ತ ದ್ವೀಪಗಳನ್ನು ಹಿಡಿದು, ಹಡಗು ಓಡಾಡದಂತೆ ಮಾಡಿ, ಹಾಗೇ ಬಿಟ್ಟರು. ಟ್ರಕ್ ಅನ್ನೋ ದೊಡ್ಡ ನೌಕಾನೆಲೆಯ ಮೇಲೆ 1944ರ ಫೆಬ್ರವರಿಯಲ್ಲಿ ಎರಡು ದಿನ ವಿಮಾನದಾಳಿ ಮಾಡಿ ಹಡಗುಗಳನ್ನು ಮುಳುಗಿಸಿದರು, ದಡಕ್ಕೆ ಇಳಿಯಲೇ ಇಲ್ಲ. ಹಿಂದೆ ಉಳಿದ ಸೈನಿಕರಿಗೆ ಅಕ್ಕಿಯಿಲ್ಲ, ಔಷಧಿಯಿಲ್ಲ. ಎಷ್ಟೋ ಜನ ಯುದ್ಧವನ್ನೇ ನೋಡದೆ ಹಸಿವಿನಿಂದ ಸತ್ತರು. ಇದು ಬುದ್ಧಿವಂತ ತಂತ್ರ, ಅಮೆರಿಕದ ಎಷ್ಟೋ ಹುಡುಗರ ಜೀವ ಉಳಿಸಿತು. ಇದರಲ್ಲಿ ನನಗೆ ಅನುಮಾನವಿಲ್ಲ. ಹಾರದೆ ಕಾಲಿಟ್ಟ ದ್ವೀಪಗಳ ಗತಿ ಏನಾಯಿತು ಅನ್ನೋದನ್ನು ಮಾತ್ರ ಇಲ್ಲಿಗೆ ಬಂದೇ ನೋಡಬೇಕು.

ಮರಿಯಾನಾವನ್ನೇ ಯಾಕೆ ಆರಿಸಿದರು ಅನ್ನೋದಕ್ಕೆ ನಮ್ಮ ದೇಶದ ನಂಟೂ ಇದೆ. ಬಿ-29ಗಳು ಮೊದಲು ಇದ್ದದ್ದು ಬಂಗಾಳದ ಖರಗ್‌ಪುರದ ಸುತ್ತಮುತ್ತ. ಅಲ್ಲಿಂದ ಹಿಮಾಲಯ ದಾಟಿ ಚೀನಾದ ಚೆಂಗ್ಡುಗೆ ಹೋಗಿ, ಅಲ್ಲಿಂದ ಜಪಾನಿಗೆ ಹಾರಬೇಕಿತ್ತು. ಇಂಧನ, ಬಾಂಬ್ ಎಲ್ಲವನ್ನೂ ಪರ್ವತ ದಾಟಿಸಿಯೇ ತರಬೇಕು. ಒಂದು ದಾಳಿಗೆ ಎಷ್ಟೋ ಸಲ ಬರೀ ಸಾಮಾನು ಹೊರುವ ಓಡಾಟ. ಅದೇ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ಬೇರೆ ವಿಮಾನಗಳನ್ನು ರಿಪೇರಿ ಮಾಡುವ ದೊಡ್ಡ ಡಿಪೋ ಆಗಿತ್ತು. ಮರಿಯಾನಾದಲ್ಲಾದರೆ ಹಡಗು ನೇರವಾಗಿ ದಡಕ್ಕೆ ಬರುತ್ತದೆ. ಟೋಕಿಯೊ ಕೂಡ ಕೈಗೆಟಕುತ್ತದೆ.

ಸೈಪಾನ್ ಕದನ ಜುಲೈ 9ರವರೆಗೆ ನಡೆಯಿತು. ಅಮೆರಿಕದ 3,000ಕ್ಕೂ ಹೆಚ್ಚು ಜನ ಸತ್ತರು. ದ್ವೀಪದಲ್ಲಿದ್ದ ಸುಮಾರು 30,000 ಜಪಾನಿ ಸೈನಿಕರಲ್ಲಿ ಬದುಕಿದವರು ಬಹಳ ಕಡಿಮೆ. ಒಂಬತ್ತು ದಿನದ ನಂತರ ಟೋಕಿಯೊದಲ್ಲಿ ಪ್ರಧಾನಿ ತೋಜೊ ರಾಜೀನಾಮೆ ಕೊಟ್ಟ. ಉತ್ತರದ ಮಾರ್ಪಿಯಲ್ಲಿ ಸಮುದ್ರಕ್ಕೆ ನೇರವಾಗಿ ಇಳಿಯುವ ಬಂಡೆಯಂಚಿದೆ. ಅಮೆರಿಕದವರು ಹಿಂಸೆ ಕೊಟ್ಟು ಕೊಲ್ಲುತ್ತಾರೆ ಅಂತ ನಂಬಿಸಲಾಗಿದ್ದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಇಲ್ಲಿಂದ ಹಾರಿದರು. ಸಕ್ಕರೆ ಕಂಪನಿಯ ಕಬ್ಬಿನ ಗದ್ದೆಗೆ ಕೂಲಿಗೆಂದು ಒಕಿನಾವಾದಿಂದ ಬಂದಿದ್ದ ಕುಟುಂಬಗಳೇ ಅವರಲ್ಲಿ ಜಾಸ್ತಿ. ಈಗ ಅಲ್ಲಿ ಸಾಲಾಗಿ ಸ್ಮಾರಕದ ಕಲ್ಲುಗಳಿವೆ. ಒಂದರ ಮುಂದೆ ಯಾರೋ ನೀರಿನ ಬಾಟಲಿಯ ಮುಚ್ಚಳ ತೆಗೆದು ಇಟ್ಟುಹೋಗಿದ್ದರು. ನಾವಿಬ್ಬರೂ ಮಾತಾಡಲಿಲ್ಲ.

ಮರುದಿನ ಟಿನಿಯನ್‌ಗೆ ಹೊರಟೆವು. ಪುಟ್ಟ ವಿಮಾನ. ಬ್ಯಾಗಿನ ಜೊತೆ ನಮ್ಮನ್ನೂ ತೂಕ ಹಾಕಿ, ಅದರ ಪ್ರಕಾರ ಸೀಟು ಕೊಟ್ಟರು. ಕಾಲು ಗಂಟೆಯೊಳಗೆ ಇಳಿದಾಯಿತು. ಕಾರು ಓಡಿಸಿದವರು ನಮ್ಮ ಚಿಕ್ಕಮ್ಮನ ವಯಸ್ಸಿನ ಒಬ್ಬ ಚಮೊರೊ (ಈ ದ್ವೀಪಗಳ ಮೂಲನಿವಾಸಿ) ಹೆಂಗಸು. ಅವರ ಹಿರಿಯರು ಯುದ್ಧ ಮುಗಿದ ಮೇಲೆ ಯಾಪ್ ದ್ವೀಪದಿಂದ ಇಲ್ಲಿಗೆ ಬಂದವರಂತೆ.

ಅವರು ಮೊದಲು ಕರೆದುಕೊಂಡು ಹೋದದ್ದು ವಾಯವ್ಯದ ಕಡಲತೀರಕ್ಕೆ. ಟಿನಿಯನ್ನಿನ ಒಳ್ಳೆಯ ಬೀಚ್ ಇರುವುದು ದಕ್ಷಿಣದ ಊರಿನ ಮುಂದೆ. ಜಪಾನಿನ ಕರ್ನಲ್ ಒಗಾತಾ ಅಲ್ಲೇ ಕಾಯುತ್ತಿದ್ದ. ಜುಲೈ 24ರಂದು ಅಮೆರಿಕದ ಹಡಗುಗಳು ಅಲ್ಲಿಗೆ ಬಂದವು, ಸೈನಿಕರು ದೋಣಿಗಳಿಗೆ ಇಳಿದರು, ದೋಣಿಗಳು ದಡದತ್ತ ಓಡಿ ಮತ್ತೆ ತಿರುಗಿದವು. ಬರೀ ನಾಟಕ. ಆ ನಾಟಕಕ್ಕೂ ಬೆಲೆ ಕೊಡಬೇಕಾಯಿತು. ದಡದ ಫಿರಂಗಿಗಳು ಕೊಲರಾಡೊ ಅನ್ನೋ ಯುದ್ಧನೌಕೆಗೆ 22 ಸಲ ಹೊಡೆದವು, 43 ಜನ ಸತ್ತರು. ನಿಜವಾದ ಸೈನ್ಯ ಅಷ್ಟರಲ್ಲಿ ಇಲ್ಲಿ, ಯಾರೂ ಊಹಿಸದ ಎರಡು ಸಣ್ಣ ಸಂದುಗಳಲ್ಲಿ ಇಳಿಯುತ್ತಿತ್ತು.

ಅಗಲ ಎಷ್ಟಿರಬಹುದು ಅಂತ ಚಿಕ್ಕ ಸಂದಿನಲ್ಲಿ ಹೆಜ್ಜೆ ಹಾಕಿ ಎಣಿಸಿದೆ. ಎಪ್ಪತ್ತೈದಕ್ಕೆ ಮುಗಿಯಿತು. ಎರಡೂ ಬದಿಗೆ ಆಳೆತ್ತರದ ಹವಳದ ಕಲ್ಲು. ಮುಟ್ಟಿದರೆ ಅಂಗೈ ಕೊಯ್ಯುವಷ್ಟು ಚೂಪು. ಕಲ್ಲಿನ ಅಂಚು ಹತ್ತಲು ಅವರು ಕಬ್ಬಿಣದ ತೊಲೆ, ಮರದ ಹಲಗೆಗಳಿಂದ ವಾಹನಕ್ಕೇ ಜೋಡಿಸುವ ಇಳಿಜಾರು ಮಾಡಿಕೊಂಡು ಬಂದಿದ್ದರು. ಸಂಜೆಯೊಳಗೆ 15,000ಕ್ಕೂ ಹೆಚ್ಚು ಜನ ಈ ಸಂದುಗಳಿಂದ ಒಳಗೆ ಬಂದರು. ದ್ವೀಪ ಒಂಬತ್ತು ದಿನದಲ್ಲಿ ಅವರ ಕೈಸೇರಿತು. ತಾರಾವಾದ ಪಾಠವನ್ನು ಇವರು ಎಷ್ಟು ಚೆನ್ನಾಗಿ ಕಲಿತಿದ್ದರು ಅಂತ ಆ ಮರಳಿನಲ್ಲಿ ನಿಂತಾಗಲೇ ನನಗೆ ಅರ್ಥವಾದದ್ದು.

ಉತ್ತರಕ್ಕೆ ಹೋಗುವ ರಸ್ತೆಯ ಹೆಸರು ಬ್ರಾಡ್‌ವೇ. ದ್ವೀಪದ ಆಕಾರ ಮ್ಯಾನ್‌ಹಟನ್ ತರ ಇದೆ ಅಂತ ರಸ್ತೆಗಳಿಗೆಲ್ಲ ನ್ಯೂಯಾರ್ಕಿನ ಹೆಸರಿಟ್ಟರು. ಎರಡೂ ಕಡೆ ಒತ್ತಾಗಿ ಬೆಳೆದ ಮರ ನೋಡಿ ತಮ್ಮ, "ಅಣ್ಣ, ಇದು ನಮ್ಮ ಸುಬಾಬುಲ್ ಅಲ್ವಾ?" ಅಂದ. ಹೌದು, ಅದೇ. ಅದೇ ಸಣ್ಣ ಎಲೆ, ಅದೇ ಗೊಂಚಲು ಕಾಯಿ. ಊರಲ್ಲಿ ಮೇಕೆಗೆ ಹಾಕುವ ಸೊಪ್ಪು. ಇಲ್ಲಿ ಅದಕ್ಕೆ ಟಂಗನ್‌ಟಂಗನ್ ಅನ್ನುತ್ತಾರೆ. ಯುದ್ಧದಲ್ಲಿ ಬೋಳಾದ ನೆಲದ ಮಣ್ಣು ಕೊಚ್ಚಿಹೋಗದಿರಲಿ ಅಂತ ಬೀಜ ಚೆಲ್ಲಿದ್ದರಂತೆ.

ಕಾಡು ಮುಗಿದ ಕೂಡಲೇ ನಾರ್ತ್ ಫೀಲ್ಡ್. ಹವಳ ಪುಡಿ ಮಾಡಿ ಹಾಸಿ ಕಟ್ಟಿದ ನಾಲ್ಕು ರನ್‌ವೇ, ಒಂದೊಂದೂ ಸುಮಾರು 2,600 ಮೀಟರ್. ಆಗ ಜಗತ್ತಿನ ಅತಿ ದೊಡ್ಡ ವಿಮಾನನೆಲೆ ಇದು. ಪಕ್ಕದಲ್ಲಿ ಗಾಜು ಮುಚ್ಚಿದ ಎರಡು ಗುಂಡಿಗಳು. ಅಣುಬಾಂಬ್ ವಿಮಾನದ ಹೊಟ್ಟೆಯಡಿ ತೂರಿಸಲಾಗದಷ್ಟು ದಪ್ಪ ಇತ್ತು. ಹಾಗಾಗಿ ಅದನ್ನು ಗುಂಡಿಗೆ ಇಳಿಸಿ, ವಿಮಾನವನ್ನು ಮೇಲೆ ತಂದು ನಿಲ್ಲಿಸಿ, ಜಾಕ್ ಹಾಕಿ ಮೇಲೆತ್ತಿದರು. 1945ರ ಆಗಸ್ಟ್ 6ರಂದು ಬೆಳಗಿನ ಜಾವ 2:45ಕ್ಕೆ ಎನೊಲಾ ಗೇ ಅನ್ನೋ ಬಿ-29 ಹೊರಟಿತು. ಆರೂವರೆ ಗಂಟೆ ಬಳಿಕ ಹಿರೋಷಿಮಾ. ಗಾಜಿಗೆ ಮುಖವಿಟ್ಟು ಒಳಗೆ ನೋಡಿದೆ. ಸಿಮೆಂಟಿನ ಗೋಡೆ, ತುಕ್ಕು ಹಿಡಿದ ಕಬ್ಬಿಣ, ಗಾಜಿನಲ್ಲಿ ನನ್ನದೇ ಮುಖ. ಎದೆ ಭಾರವಾಯಿತು.

ವಾಪಸ್ ಬರುವಾಗ ಕಡಿದು ರಾಶಿ ಹಾಕಿದ ಸುಬಾಬುಲ್ ಕಂಡಿತು. ಅಮೆರಿಕದ ವಾಯುಪಡೆ ಈ ರನ್‌ವೇಗಳನ್ನು ಮತ್ತೆ ತೆರವು ಮಾಡುತ್ತಿದೆ. ಈ ಸಲ ಮನಸ್ಸಿನಲ್ಲಿರುವುದು ಚೀನಾ. "ನಮ್ಮ ಹುಡುಗರಿಗೆ ಕೆಲಸ ಸಿಕ್ಕಿದೆ, ಒಳ್ಳೇದೇ" ಅಂದರು ಕಾರಿನ ಆ ತಾಯಿ. ಸ್ವಲ್ಪ ಹೊತ್ತು ಬಿಟ್ಟು, "ಆದರೆ ಯುದ್ಧ ಬಂದರೆ ಮೊದಲು ಬಾಂಬ್ ಬೀಳೋದು ಇಲ್ಲೇ ಅಲ್ವಾ?" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಮನೆಗೆ ಮರಳುವ ದಾರಿ ಗುವಾಮ್ ಮೇಲಿಂದ. ಟಿನಿಯನ್ ಹಿಂದೆ ಸರಿದು ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಇನ್ನೊಂದು ದ್ವೀಪ ಕಂಡಿತು. ರೋಟಾ. ಅಲ್ಲೂ ಜಪಾನಿ ಸೈನ್ಯ ಇತ್ತು, ವಿಮಾನ ಇಳಿಯುವ ಜಾಗವೂ ಇತ್ತು. ಆಗಾಗ ಬಾಂಬ್ ಹಾಕಿದರು, ಆದರೆ ಹಿಡಿಯಲು ಯಾರೂ ಇಳಿಯಲಿಲ್ಲ. ಸೈಪಾನ್, ಟಿನಿಯನ್, ಗುವಾಮ್ ಸಾಕಿತ್ತು. ಟೋಕಿಯೊ ಕೊಲ್ಲಿಯಲ್ಲಿ ಜಪಾನ್ ಸಹಿ ಹಾಕಿದ 1945ರ ಸೆಪ್ಟೆಂಬರ್ 2ರಂದೇ ರೋಟಾದ ಸೈನ್ಯವೂ ಶರಣಾಯಿತು.

ತಮ್ಮನನ್ನು ಕಿಟಕಿ ಕಡೆ ಕೂರಿಸಿದ್ದೆ. ಕೆಳಗೆ ದಟ್ಟ ಹಸಿರು, ತುದಿಯಲ್ಲಿ ಕೇಕಿನ ಹಾಗೆ ಮೆಟ್ಟಿಲು ಮೆಟ್ಟಿಲಾದ ಒಂದು ಗುಡ್ಡ, ಅದರ ಬುಡದಲ್ಲಿ ಒಂದು ಪುಟ್ಟ ಊರು. ಮೋಡ ಮುಚ್ಚುವವರೆಗೂ ಅವನು ನೋಡುತ್ತಲೇ ಇದ್ದ.