ತುಂಗಭದ್ರಾ ಹಿನ್ನೀರಿಗೆ ಹಾಯಿದೋಣಿ ಒಯ್ಯುವವರಿಗೆ

ನಮ್ಮ ದೋಣಿಗೆ ಪೆಟ್ಟು ಬಿದ್ದಿದ್ದು ನಡುನೀರಲ್ಲಿ ಅಲ್ಲ. ದಡಕ್ಕೆ ಕಟ್ಟಿ, ನಾವು ಹೊದ್ದು ಮಲಗಿದ್ದಾಗ.

ಕಳೆದ ಡಿಸೆಂಬರಿನಲ್ಲಿ ನಾನು ಮತ್ತು ನನ್ನ ಸೋದರಮಾವನ ಮಗ ಹೋಗಿದ್ದೆವು. ದೋಣಿ ಅವನದು, 14 ಅಡಿ ಉದ್ದದ ಫೈಬರ್ ದೋಣಿ, ಟ್ರೇಲರ್ ಮೇಲೆ ಬರುತ್ತದೆ. ಕೊಪ್ಪಳದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಗಿಣಿಗೇರಾ ದಾರಿ ಹಿಡಿದೆವು. ಹಿನ್ನೀರಿನ ದಂಡೆಯ ಒಂದು ಹಳ್ಳಿಯಲ್ಲಿ ಮೂರು ರಾತ್ರಿ ಇದ್ದೆವು.

ನವೆಂಬರಿನಿಂದ ಜನವರಿ ಒಳ್ಳೆಯ ಕಾಲ. ಮಳೆಗಾಲದ ಗಾಳಿ ಹೊಸಬರಿಗಲ್ಲ. ಬೇಸಿಗೆಯಲ್ಲಿ ನೀರು ದೂರ ಸರಿದು ಮೊಣಕಾಲುದ್ದ ಕೆಸರು ಉಳಿದಿರುತ್ತದೆ. ದೋಣಿ ಇಳಿಸಲು ಅನುಮತಿ ಮೊದಲೇ ಕೇಳಿ ತಗೊಳ್ಳಿ. ಡ್ಯಾಂ ಗೇಟುಗಳ ಹತ್ತಿರ ಸುಳಿಯಬೇಡಿ. ಡ್ಯಾಂ ಕೆಳಗಿನ ನದಿಯ ಆಸೆಯೂ ಬೇಡ, ಅಲ್ಲಿ ಬರೀ ಬಂಡೆ. ಜೊತೆಗೆ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ.

ಈಗ ಕಟ್ಟುವ ವಿಷಯ. ಅಲ್ಲಿ ಜೆಟ್ಟಿ ಗಿಟ್ಟಿ ಏನೂ ಇಲ್ಲ, ಬಟ್ಟೆ ಒಗೆಯುವ ಕಲ್ಲಿನ ಮೆಟ್ಟಿಲು ಇದ್ದವು. ಮೂರು ಫೆಂಡರ್ (ದೋಣಿ ದಡಕ್ಕೆ ಉಜ್ಜದಂತೆ ಪಕ್ಕಕ್ಕೆ ತೂಗುಬಿಡುವ, ಗಾಳಿ ತುಂಬಿದ ಮೆತ್ತೆ) ಉದ್ದುದ್ದಕ್ಕೆ ಇಳಿಬಿಟ್ಟು, ಹಗ್ಗ ಬಿಗಿದು, ಕೈ ಝಾಡಿಸಿಕೊಂಡೆವು. ಹರಿಗೋಲಿನ ಅಜ್ಜ ಒಬ್ಬರು ಬೀಡಿ ಹಚ್ಚುತ್ತ ನೋಡುತ್ತಿದ್ದರು. "ಕಾಲುವಿಗೆ ನೀರು ಬಿಟ್ಟಾರ, ತಮ್ಮಾ. ದಿನಾ ಇಳೀತಾವ. ಹಿಂಗ ಬಿಗಿಬ್ಯಾಡ್ರಿ" ಅಂದರು. ಹೂಂ ಅಂದೆವು, ಅಷ್ಟೇ.

ಮೂರು ರಾತ್ರಿಗೆ ನೀರು ಒಂದು ಗೇಣು ಇಳಿದಿತ್ತು. ಮೊದಲ ದಿನ ಮೆಟ್ಟಿಲಿನ ಮೂಲೆ ಸರಿಯಾಗಿ ಫೆಂಡರಿನ ಹೊಟ್ಟೆಗೆ ತಾಗುತ್ತಿತ್ತು. ಮೂರನೇ ಬೆಳಿಗ್ಗೆ ದೋಣಿ ಕೆಳಗೆ, ಆ ಮೂಲೆ ಮೇಲೆ. ಫೆಂಡರಿನ ತಲೆ ದಾಟಿ ಅದು ನೇರ ದೋಣಿಯ ಅಂಚಿಗೇ ಉಜ್ಜುತ್ತಿತ್ತು. ಹಗ್ಗ ಬೇರೆ ತಂತಿಯಂತೆ ಬಿಗಿದು ದೋಣಿಯನ್ನು ಓರೆ ಮಾಡಿತ್ತು. ಅಂಗೈ ಉದ್ದದ ಗೀರು, ಮೇಲಿನ ನುಣುಪು ಪದರ, ಅಂದರೆ ಜೆಲ್‌ಕೋಟ್, ಹೋಗಿ ಒಳಗಿನ ನಾರು ಕಾಣುತ್ತಿತ್ತು. ಬೆರಳಾಡಿಸಿದರೆ ಚುಚ್ಚುತ್ತಿತ್ತು.

ಆಮೇಲೆ ಮಾಡಿದ್ದು, ಮೊದಲೇ ಮಾಡಬೇಕಿದ್ದದ್ದು, ಇಷ್ಟು. ಎರಡು ಫೆಂಡರ್ ಇಳಿಬಿಟ್ಟು ಅವುಗಳ ಹೊರಗೆ ನಾಲ್ಕಡಿ ಹಲಗೆಯೊಂದನ್ನು ಅಡ್ಡಲಾಗಿ ತೂಗುಹಾಕಿದೆವು. ಕಲ್ಲು ಹಲಗೆಗೆ ಉಜ್ಜುತ್ತದೆ, ಫೆಂಡರ್ ಹಲಗೆಯ ಹಿಂದೆ ಮೆತ್ತಗೆ ಕೂತಿರುತ್ತದೆ. ಮೆಟ್ಟಿಲು, ಕಂಬ, ಬಂಡೆ ಇರುವ ಕಡೆ ಇದೇ ಸರಿ. ಮುಂದಿನ, ಹಿಂದಿನ ಹಗ್ಗಗಳನ್ನು ದೂರದ ಕಲ್ಲಿಗೆ ಉದ್ದವಾಗಿ ಕಟ್ಟಿದೆವು, ನೀರು ಇಳಿದರೂ ಜಗ್ಗದಂತೆ. ಇನ್ನೆರಡು ಹಗ್ಗ, ಒಂದು ದೋಣಿಯ ಮುಂದಿನಿಂದ ಹಿಂದಕ್ಕೆ, ಇನ್ನೊಂದು ಹಿಂದಿನಿಂದ ಮುಂದಕ್ಕೆ, ಒಂದಕ್ಕೊಂದು ಕತ್ತರಿಯಾಗಿ ದಡಕ್ಕೆ ಕಟ್ಟಿದರೆ ದೋಣಿ ಹಿಂದೆ ಮುಂದೆ ಸರಿಯುವುದಿಲ್ಲ, ಫೆಂಡರ್ ಹಾಕಿದ ಜಾಗದಲ್ಲೇ ಇರುತ್ತದೆ. ಇಷ್ಟೆಲ್ಲ ಮಾಡಿದರೂ ಬೆಳಿಗ್ಗೆ ಸಂಜೆ ಒಮ್ಮೆ ಹೋಗಿ ನೋಡಲೇಬೇಕು. ಕೆಳಗಿನ ಮೆಟ್ಟಿಲು ನೀರೊಳಗೇ ಅಡಗಿರುತ್ತದೆ, ದೋಣಿಯ ತಳ ಅದರ ಮೇಲೆ ಕೂತರೆ ಇನ್ನೂ ಕಷ್ಟ. ಕೋಲು ಇಳಿಸಿ ಆಳ ನೋಡಿ.

ಫೆಂಡರ್ ಕೊಳ್ಳುವಾಗ ಲೆಕ್ಕ ಸುಲಭ. ದೋಣಿಯ ನಾಲ್ಕೈದು ಅಡಿ ಉದ್ದಕ್ಕೆ ಒಂದು ಇಂಚು ದಪ್ಪ. ನಮ್ಮದಕ್ಕೆ ಮೂರೂವರೆ ಇಂಚು ಸಾಕಿತ್ತು, ಐದಿಂಚಿನದು ತಂದಿದ್ದು ಒಳ್ಳೆಯದೇ ಆಯಿತು. ಕಟ್ಟುವುದು ಗಟ್ಟಿ ಕ್ಲೀಟಿಗೆ (ಹಗ್ಗ ಸುತ್ತಲು ದೋಣಿಗೆ ಕೂರಿಸಿದ ಗೂಟ), ಅಂಚಿನ ತೆಳು ತಂತಿಗಲ್ಲ. ಎರಡು ಸುತ್ತು, ಎರಡು ಅರೆಗಂಟು, ಸಾಕು. ಫೆಂಡರಿಗೆ ಗಾಳಿ ಬೆಳಗಿನ ತಂಪಲ್ಲಿ ಗಟ್ಟಿಯಾಗಿ ತುಂಬಿದರೆ ನಮ್ಮ ಕಡೆಯ ಮಧ್ಯಾಹ್ನದ ಬಿಸಿಲಿಗೆ ಉಬ್ಬಿ ಬಿರಿಯುವಂತಾಗುತ್ತದೆ. ಹೆಬ್ಬೆರಳು ಒತ್ತಿದರೆ ಸ್ವಲ್ಪ ಒಳಗೆ ಹೋಗಬೇಕು. ಹಳೇ ಟೈರು ಪುಕ್ಕಟೆ ಸಿಗುತ್ತದೆ ಅಂತ ಖುಷಿ ಪಡಬೇಡಿ, ಬಿಳಿ ದೋಣಿಗೆ ಕಪ್ಪು ಬಳಿಯುತ್ತದೆ. ಅದೇ ಗತಿ ಅನ್ನುವುದಾದರೆ ಹಳೇ ಪಂಚೆ ಸುತ್ತಿ. ಗೋಣಿಚೀಲ ಬೇಡ, ಅದರಲ್ಲಿ ಮರಳು ಸೇರಿದರೆ ಉಪ್ಪುಕಾಗದ ಉಜ್ಜಿದ ಹಾಗೆ. ಫೆಂಡರನ್ನೂ ದಿನಾ ತೊಳೆಯಬೇಕು, ಇದೇ ಕಾರಣಕ್ಕೆ. ಮತ್ತೆ, ದೋಣಿ ಗೋಡೆಗೆ ಬಡಿಯುತ್ತಿದೆ ಅಂತ ಕಾಲು ಅಡ್ಡ ಕೊಡಬೇಡಿ. ನನ್ನ ಮಾವನ ಮಗ ಕೊಟ್ಟ, ಎರಡು ದಿನ ಕುಂಟಿದ.

ಹೊರಡುವ ಮೊದಲು ಡ್ಯಾಂ ನೀರಿನ ಮಟ್ಟವನ್ನು ಪೇಪರಿನಲ್ಲಿ ನೋಡಿಕೊಳ್ಳಿ. ಪೂರ್ತಿ ತುಂಬಿದರೆ 1633 ಅಡಿ. ದಿನಕ್ಕೆ ಎಷ್ಟು ಇಳಿಯುತ್ತಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗಿನಂತೆ ಲೆಕ್ಕಕ್ಕೆ ಸಿಗದೆ ಇಳಿಯುವ ದಿನಗಳೂ ಇರುತ್ತವೆ, ಆ ಮಾತು ಬೇರೆ.

ಹೊರಡುವ ದಿನ ಅಜ್ಜನನ್ನು ಕೇಳಿದೆ, ನೀವು ರಾತ್ರಿ ಹರಿಗೋಲು ಹೇಗೆ ಕಟ್ತೀರಿ ಅಂತ. ಅವರು ಅದನ್ನು ಎತ್ತಿ ತಲೆ ಮೇಲೆ ಕವುಚಿಕೊಂಡು, ದಂಡೆ ಹತ್ತಿ ಬೇವಿನ ಗಿಡದ ಕೆಳಗೆ ಬೋರಲು ಹಾಕಿದರು. "ಕಟ್ಟೂದ್ಯಾಕ? ನಿಮ್ಮದು ಹೊರಾಕ ಬರಂಗಿಲ್ಲ ಅಲ್ರಿ, ಅದಕ್ಕ ಇಷ್ಟು ತ್ರಾಸು."